ಕರ್ನಾಟಕದ ಕ್ರಿಕೆಟ್ ಆಡಳಿತದಲ್ಲಿ ಅಧಿಕಾರ ಹಂಚಿಕೆ

ಕರ್ನಾಟಕದ ಕ್ರಿಕೆಟ್ ಆಡಳಿತದಲ್ಲಿ ಅಧಿಕಾರ ಹಂಚಿಕೆ ಎಂಬುದು ರಾಜ್ಯದಲ್ಲಿ ಕ್ರಿಕೆಟ್ ಆಟವನ್ನು ನಡೆಸುವ ಸಂಸ್ಥೆಯಲ್ಲಿ ಯಾರಿಗೆ ಮತವಿದೆ, ಹಣ ಮತ್ತು ಪಂದ್ಯಗಳು ಯಾವ ಊರುಗಳಿಗೆ ಸಲ್ಲುತ್ತವೆ, ರಾಜಧಾನಿಯ ಹೊರಗಿನ ಜಿಲ್ಲೆಗಳಿಗೆ ದೊರೆಯುವ ಸ್ಥಾನವೇನು ಎಂಬ ವಿಷಯಗಳಿಗೆ ಸಂಬಂಧಿಸಿದೆ. ರಾಜ್ಯದ ಕ್ರಿಕೆಟ್ ಆಡಳಿತವು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಕೈಯಲ್ಲಿದೆ. ಈ ಸಂಸ್ಥೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ (ಬಿಸಿಸಿಐ) ಸದಸ್ಯ ಸಂಸ್ಥೆಯಾಗಿದ್ದು, ಬಿಸಿಸಿಐ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ (ಐಸಿಸಿ) ಸದಸ್ಯ ಸಂಸ್ಥೆಯಾಗಿದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯಂತಹ ತಾಲ್ಲೂಕು ಕೇಂದ್ರದಿಂದ ದುಬೈನಲ್ಲಿರುವ ಐಸಿಸಿ ಕಚೇರಿಯವರೆಗೆ ಹಬ್ಬಿರುವ ಈ ಶ್ರೇಣಿಯ ಪ್ರತಿ ಹಂತದಲ್ಲಿಯೂ ಒಂದೇ ವಿವಾದ ಕಾಣಿಸಿಕೊಂಡಿದೆ: ಹೆಚ್ಚು ಹಣ ತರುವವರಿಗೆ ಹೆಚ್ಚು ಪಾಲು ಸಲ್ಲಬೇಕೇ, ಅಥವಾ ಆಟ ಇನ್ನೂ ಬೇರೂರಬೇಕಾದ ಕಡೆಗೆ ಹೆಚ್ಚು ಪಾಲು ಹೋಗಬೇಕೇ?

ಹಿನ್ನೆಲೆ

ಇಂದಿನ ಕೆಎಸ್‌ಸಿಎ 1933ರಲ್ಲಿ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಎಂಬ ಹೆಸರಿನಲ್ಲಿ ಸ್ಥಾಪನೆಯಾಯಿತು. ಆಗ ಅದರ ವ್ಯಾಪ್ತಿ ಮೈಸೂರು ಸಂಸ್ಥಾನವಾಗಿತ್ತು. ಬ್ಯಾಡಗಿ, ರಾಣೆಬೆನ್ನೂರು, ಹಾವೇರಿಗಳನ್ನು ಒಳಗೊಂಡ ಧಾರವಾಡ ಜಿಲ್ಲೆ ಆ ಕಾಲದಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ರಾಯಚೂರು, ಕಲಬುರಗಿ, ಬೀದರ್ ಪ್ರದೇಶಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಪ್ರದೇಶಗಳೆಲ್ಲ ವಿಶಾಲ ಮೈಸೂರು ರಾಜ್ಯದೊಳಗೆ ಬಂದವು. ಕ್ರಿಕೆಟ್ ಮಟ್ಟಿಗೆ ಇದರ ಪರಿಣಾಮವೆಂದರೆ, ಬೆಂಗಳೂರು ಮತ್ತು ಮೈಸೂರುಗಳಲ್ಲಿ ಆಗಲೇ ಬೇರುಬಿಟ್ಟಿದ್ದ ಸಂಸ್ಥೆಯೊಂದರ ವ್ಯಾಪ್ತಿಗೆ ಉತ್ತರದ ಜಿಲ್ಲೆಗಳು ನಂತರ ಬಂದು ಸೇರಿದವು. ರಾಜ್ಯದ ಹೆಸರು ಕರ್ನಾಟಕವೆಂದು ಬದಲಾದ 1973ರಲ್ಲಿ ಸಂಸ್ಥೆಯ ಹೆಸರೂ ಬದಲಾಯಿತು. ಆ ವರ್ಷದ ಋತುವಿನಲ್ಲಿಯೇ (1973–74) ತಂಡವು ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು.

ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಎಂ. ಚಿನ್ನಸ್ವಾಮಿಯವರು 1977ರಿಂದ 1980ರವರೆಗೆ ಬಿಸಿಸಿಐ ಅಧ್ಯಕ್ಷರಾಗಿದ್ದರು. ಬೆಂಗಳೂರಿನ ಕ್ರೀಡಾಂಗಣಕ್ಕೆ ಅವರ ಹೆಸರನ್ನಿಡಲಾಗಿದೆ. 1974ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದ ನಂತರ ರಾಜ್ಯಕ್ಕೆ ದೊರೆತ ಪ್ರಮುಖ ಅಂತರರಾಷ್ಟ್ರೀಯ ಪಂದ್ಯಗಳು ಹೆಚ್ಚುಕಡಿಮೆ ಆ ಒಂದೇ ಮೈದಾನದಲ್ಲಿ ನಡೆದಿವೆ.

ವಲಯಗಳು ಮತ್ತು ಮತಾಧಿಕಾರ

ಬೆಂಗಳೂರಿನ ಹೊರಗಿನ ರಾಜ್ಯವನ್ನು ಕೆಎಸ್‌ಸಿಎ ಮೈಸೂರು, ತುಮಕೂರು, ಶಿವಮೊಗ್ಗ, ಮಂಗಳೂರು, ಧಾರವಾಡ ಮತ್ತು ರಾಯಚೂರು ಎಂಬ ಆರು ವಲಯಗಳಾಗಿ ವಿಂಗಡಿಸಿದೆ. ಪ್ರತಿ ವಲಯಕ್ಕೂ ಆಡಳಿತ ಸಮಿತಿಯಲ್ಲಿ ಪ್ರತಿನಿಧಿಯೊಬ್ಬರಿರುತ್ತಾರೆ. ವಲಯ ಮಟ್ಟದ ಲೀಗ್ ಪಂದ್ಯಗಳು, ವಯೋಮಿತಿ ತಂಡಗಳ ಆಯ್ಕೆ ಮತ್ತು ಅಂತರ ವಲಯ ಪಂದ್ಯಾವಳಿಗಳು ಈ ವ್ಯವಸ್ಥೆಯ ಮೂಲಕ ನಡೆಯುತ್ತವೆ.

ಪದಾಧಿಕಾರಿಗಳ ಚುನಾವಣೆಯಲ್ಲಿ ಮತ ಹಾಕುವವರು ಸದಸ್ಯತ್ವ ಪಡೆದ ಕ್ಲಬ್‌ಗಳು ಮತ್ತು ಆಜೀವ ಸದಸ್ಯರು. ಜಿಲ್ಲೆಗೊಂದು ಮತ ಎಂಬ ಕ್ರಮ ಇಲ್ಲಿಲ್ಲ. ಸದಸ್ಯ ಕ್ಲಬ್‌ಗಳು ಬೆಂಗಳೂರಿನಲ್ಲಿ ದಟ್ಟವಾಗಿರುವುದರಿಂದ ಚುನಾವಣೆಯ ಫಲಿತಾಂಶವನ್ನು ನಿರ್ಧರಿಸುವವರೂ ಬಹುಮಟ್ಟಿಗೆ ಅವರೇ. ಇದರ ಪರವಾಗಿ ಹೇಳುವ ಮಾತೂ ಹುರುಳಿಲ್ಲದ್ದಲ್ಲ: ಭಾರತ ತಂಡಕ್ಕೆ ಆಡಿದ ಕರ್ನಾಟಕದ ಬಹುಪಾಲು ಆಟಗಾರರು ಬೆಂಗಳೂರಿನ ಲೀಗ್‌ನಲ್ಲಿ ಪಳಗಿದವರು, ಜಿಲ್ಲೆಗಳಲ್ಲಿ ಹುಟ್ಟಿದವರೂ ಒಂದಲ್ಲ ಒಂದು ಹಂತದಲ್ಲಿ ಅಲ್ಲಿನ ಕ್ಲಬ್ ಸೇರಿದ್ದಾರೆ. ಆದರೆ ಇದೇ ಸಂಗತಿಯನ್ನು ವಿಮರ್ಶಕರು ತಿರುಗಿಸಿ ನೋಡುತ್ತಾರೆ. ಬೆಳೆಯಬೇಕಾದರೆ ಬೆಂಗಳೂರಿಗೆ ಹೋಗಲೇಬೇಕಾದ ವ್ಯವಸ್ಥೆಯಿದ್ದಾಗ, ಬೆಳೆದವರೆಲ್ಲ ಬೆಂಗಳೂರಿನವರಾಗಿ ಕಾಣುವುದು ಸಹಜವೆಂಬುದು ಅವರ ವಾದ.

2010ರ ನವೆಂಬರ್‌ನಲ್ಲಿ ಅನಿಲ್ ಕುಂಬ್ಳೆ ಅಧ್ಯಕ್ಷರಾಗಿ, ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾಗಿ ಆಯ್ಕೆಯಾದರು. ಆಟಗಾರರೇ ಆಡಳಿತದ ಚುಕ್ಕಾಣಿ ಹಿಡಿದ ಈ ಅವಧಿಯಲ್ಲಿ ಬೆಂಗಳೂರಿನ ಹೊರಗೆ ಮೈದಾನಗಳನ್ನು ಸಜ್ಜುಗೊಳಿಸುವ ಕೆಲಸಕ್ಕೆ ಒತ್ತು ದೊರೆಯಿತು. 2013ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಭಾರತ ‘ಎ’ ಮತ್ತು ವೆಸ್ಟ್ ಇಂಡೀಸ್ ‘ಎ’ ತಂಡಗಳ ನಡುವಿನ ಮೂರು ನಾಲ್ಕು ದಿನಗಳ ಪಂದ್ಯಗಳು ಕ್ರಮವಾಗಿ ಮೈಸೂರು, ಶಿವಮೊಗ್ಗ ಮತ್ತು ಹುಬ್ಬಳ್ಳಿಗಳಲ್ಲಿ ನಡೆದವು.

ಧಾರವಾಡ ವಲಯ

ಹಾವೇರಿ, ಗದಗ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳು ಈ ವಲಯದಲ್ಲಿವೆ. ವಲಯದ ಪ್ರಮುಖ ಮೈದಾನ ಹುಬ್ಬಳ್ಳಿಯ ರಾಜನಗರದಲ್ಲಿದೆ; 2010ರ ದಶಕದಿಂದ ಅಲ್ಲಿ ರಣಜಿ ಪಂದ್ಯಗಳೂ ನಡೆಯುತ್ತಿವೆ. ಬೆಳಗಾವಿಯ ಆಟೊ ನಗರದಲ್ಲಿ ಮತ್ತೊಂದು ಕ್ರೀಡಾಂಗಣವಿದ್ದು, 2019ರಲ್ಲಿ ಭಾರತ ‘ಎ’ ಮತ್ತು ಶ್ರೀಲಂಕಾ ‘ಎ’ ತಂಡಗಳ ಪಂದ್ಯಗಳು ಈ ಎರಡೂ ಊರುಗಳಲ್ಲಿ ನಡೆದವು.

ಮೆಣಸಿನಕಾಯಿ ಮಾರುಕಟ್ಟೆಯಿಂದ ನಾಡಿನಾದ್ಯಂತ ಹೆಸರಾದ ಬ್ಯಾಡಗಿ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದ ಮೇಲಿದೆ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದು ಧಾರವಾಡ ಜಿಲ್ಲೆಯ ತಾಲ್ಲೂಕಾಗಿತ್ತು. ಜಿಲ್ಲೆ ಬೇರೆಯಾದರೂ ಕ್ರಿಕೆಟ್ ವಲಯ ಬದಲಾಗಲಿಲ್ಲ. ಇಲ್ಲಿನ ಹುಡುಗ ಅಥವಾ ಹುಡುಗಿಯೊಬ್ಬಳು ರಾಜ್ಯ ತಂಡದ ಕಡೆಗೆ ಹೊರಟರೆ ಮೊದಲ ನಿಲ್ದಾಣ ಸುಮಾರು 90 ಕಿಲೋಮೀಟರ್ ದೂರದ ಹುಬ್ಬಳ್ಳಿ. ಮುಂದಿನದು 300 ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರು. ನಡುವಿನ ದಾವಣಗೆರೆ ಹುಬ್ಬಳ್ಳಿಯಷ್ಟೇ ಹತ್ತಿರವಾದರೂ ಅದು ಧಾರವಾಡ ವಲಯಕ್ಕೆ ಸೇರಿಲ್ಲ. 2013–14 ಮತ್ತು 2014–15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದ ಕರ್ನಾಟಕ ತಂಡದ ನಾಯಕ ಆರ್. ವಿನಯ್ ಕುಮಾರ್ ಆ ದಾವಣಗೆರೆಯವರು.

ಈ ವಲಯದಿಂದ ಭಾರತ ತಂಡವನ್ನು ತಲುಪಿದವರಲ್ಲಿ ಹೆಚ್ಚು ಪರಿಚಿತರು ಗದಗಿನ ಸುನಿಲ್ ಜೋಶಿ. ಬಾಲ್ಯದಲ್ಲಿ ಅಭ್ಯಾಸಕ್ಕಾಗಿ ಗದಗದಿಂದ ಹುಬ್ಬಳ್ಳಿಗೆ ಹೋಗಿಬರುತ್ತಿದ್ದ ಈ ಎಡಗೈ ಸ್ಪಿನ್ನರ್ 1996ರಲ್ಲಿ ಟೆಸ್ಟ್ ಪದಾರ್ಪಣೆ ಮಾಡಿ 15 ಟೆಸ್ಟ್ ಹಾಗೂ 69 ಏಕದಿನ ಪಂದ್ಯಗಳಲ್ಲಿ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್‌ಗಳಲ್ಲಿ 6 ಮೇಡನ್ ಸಹಿತ ಕೇವಲ 6 ರನ್ ನೀಡಿ 5 ವಿಕೆಟ್ ಪಡೆದರು. 2020ರಲ್ಲಿ ಅವರು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ವಲಯ ವ್ಯವಸ್ಥೆ ಫಲ ಕೊಡುತ್ತದೆ ಎಂಬುದಕ್ಕೆ ಜೋಶಿಯವರನ್ನು ಉದಾಹರಿಸುವವರಿದ್ದಾರೆ. ಇಷ್ಟು ದೊಡ್ಡ ಪ್ರದೇಶಕ್ಕೆ ಪದೇ ಪದೇ ಅದೇ ಒಂದು ಹೆಸರನ್ನು ಹೇಳಬೇಕಾಗಿ ಬರುವುದನ್ನೂ ಗಮನಿಸಬೇಕಾಗುತ್ತದೆ.

ಒಂದು ರಾಜ್ಯ, ಒಂದು ಮತ

ಬಿಸಿಸಿಐನಲ್ಲಿ ಕರ್ನಾಟಕಕ್ಕೆ ಒಂದು ಮತವಿದೆ. ಮಹಾರಾಷ್ಟ್ರಕ್ಕೆ ಮುಂಬೈ, ಮಹಾರಾಷ್ಟ್ರ, ವಿದರ್ಭ ಎಂಬ ಮೂರು ಸಂಸ್ಥೆಗಳ ಮೂಲಕ ಮೂರು ಮತಗಳಿವೆ; ಗುಜರಾತಿಗೂ ಗುಜರಾತ್, ಬರೋಡ, ಸೌರಾಷ್ಟ್ರ ಸಂಸ್ಥೆಗಳ ಮೂಲಕ ಮೂರು. ರಾಜ್ಯಗಳ ಪುನರ್ವಿಂಗಡಣೆಗೂ ಮೊದಲಿನ ಪ್ರಾಂತ್ಯ, ಸಂಸ್ಥಾನಗಳ ಗುರುತು ಕ್ರಿಕೆಟ್ ಭೂಪಟದಲ್ಲಿ ಹಾಗೆಯೇ ಉಳಿದಿರುವುದು ಇದಕ್ಕೆ ಕಾರಣ.

ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಆರ್.ಎಂ. ಲೋಧಾ ಸಮಿತಿಯು 2016ರ ಜನವರಿಯಲ್ಲಿ ಸಲ್ಲಿಸಿದ ವರದಿಯಲ್ಲಿ ‘ಒಂದು ರಾಜ್ಯ, ಒಂದು ಮತ’ ಎಂಬ ತತ್ವವನ್ನು ಶಿಫಾರಸು ಮಾಡಿತು. ನ್ಯಾಯಾಲಯ ಅದೇ ವರ್ಷದ ಜುಲೈ 18ರಂದು ಇದನ್ನು ಒಪ್ಪಿತಾದರೂ, 2018ರ ಆಗಸ್ಟ್ 9ರ ತೀರ್ಪಿನಲ್ಲಿ ಸಡಿಲಿಸಿ ಮಹಾರಾಷ್ಟ್ರ ಮತ್ತು ಗುಜರಾತಿನ ಮೂರೂ ಸಂಸ್ಥೆಗಳಿಗೆ ಪೂರ್ಣ ಸದಸ್ಯತ್ವ ನೀಡಿತು. ಈ ಸಂಸ್ಥೆಗಳು ಆಟಕ್ಕೆ ನೀಡಿದ ಐತಿಹಾಸಿಕ ಕೊಡುಗೆಯನ್ನು ನ್ಯಾಯಾಲಯ ಪರಿಗಣಿಸಿತು. ಈಶಾನ್ಯದ ರಾಜ್ಯಗಳಿಗೂ ಈ ಸುಧಾರಣೆಯಿಂದ ಮತಾಧಿಕಾರ ದೊರೆಯಿತು.

ಉತ್ತರ ಕರ್ನಾಟಕದ ದೃಷ್ಟಿಯಿಂದ ವಿದರ್ಭದ ಹೋಲಿಕೆ ವಿಶೇಷವಾದುದು. ಧಾರವಾಡ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರನ್ನು ಸೇರಿದ ದಿನವೇ ನಾಗಪುರ ಸಹಿತ ವಿದರ್ಭವು ಮಧ್ಯಪ್ರದೇಶವನ್ನು ಬಿಟ್ಟು ಮುಂಬಯಿ ರಾಜ್ಯವನ್ನು ಸೇರಿತು. ವಿದರ್ಭ ತನ್ನ ಪ್ರತ್ಯೇಕ ಕ್ರಿಕೆಟ್ ಸಂಸ್ಥೆಯನ್ನು ಉಳಿಸಿಕೊಂಡು 1957–58ರಿಂದ ಆ ಹೆಸರಿನಲ್ಲಿ ರಣಜಿ ಆಡಿತು. ಧಾರವಾಡ ಒಂದು ವಲಯವಾಯಿತು. ಅರವತ್ತು ವರ್ಷ ಪ್ರಶಸ್ತಿಯಿಲ್ಲದೆ ಆಡಿದ ವಿದರ್ಭ 2017–18, 2018–19 ಮತ್ತು 2024–25ರಲ್ಲಿ ರಣಜಿ ಟ್ರೋಫಿ ಗೆದ್ದಿತು. ಸೌರಾಷ್ಟ್ರ 2019–20 ಮತ್ತು 2022–23ರಲ್ಲಿ ಗೆದ್ದಿತು. ಬಿಸಿಸಿಐನಿಂದ ನೇರವಾಗಿ ಬರುವ ಅನುದಾನ, ತನ್ನದೇ ಆಯ್ಕೆ ಸಮಿತಿ, ವರ್ಷವೂ ಹನ್ನೊಂದು ಸ್ಥಳೀಯರಿಗೆ ಪ್ರಥಮ ದರ್ಜೆಯ ಅವಕಾಶ ಇವು ಪ್ರತ್ಯೇಕ ಸಂಸ್ಥೆಯಿಂದ ದೊರೆಯುವ ಲಾಭಗಳು. ಇದಕ್ಕೆ ಪ್ರತಿಯಾಗಿ, ಇಡೀ ರಾಜ್ಯದ ಪ್ರತಿಭೆ ಒಂದೇ ತಂಡದಲ್ಲಿ ಕೂಡಿದ್ದರಿಂದಲೇ ಕರ್ನಾಟಕ ಎಂಟು ಬಾರಿ ರಣಜಿ ಗೆಲ್ಲುವಷ್ಟು ಬಲಿಷ್ಠವಾಯಿತು ಎಂಬ ಮಾತೂ ಇದೆ. ಯಾವುದು ನ್ಯಾಯವೆಂಬುದು ನ್ಯಾಯವನ್ನು ಪ್ರಶಸ್ತಿಗಳಿಂದ ಅಳೆಯುವುದೋ ಅವಕಾಶಗಳಿಂದ ಅಳೆಯುವುದೋ ಎಂಬುದನ್ನು ಅವಲಂಬಿಸಿದೆ.

ಲೋಧಾ ಸಮಿತಿಯ ಇತರ ಶಿಫಾರಸುಗಳಲ್ಲಿ ಪದಾಧಿಕಾರಿಗಳಿಗೆ 70 ವರ್ಷದ ವಯೋಮಿತಿ, ಸಚಿವರಿಗೆ ನಿರ್ಬಂಧ, ಅಧಿಕಾರಾವಧಿಯ ನಡುವೆ ಕಡ್ಡಾಯ ವಿರಾಮ ಮತ್ತು ಬಿಸಿಸಿಐನ ಉನ್ನತ ಸಮಿತಿಯಲ್ಲಿ ಆಟಗಾರರ ಪ್ರಾತಿನಿಧ್ಯ ಸೇರಿದ್ದವು. ಕಡ್ಡಾಯ ವಿರಾಮದ ನಿಯಮವನ್ನು 2022ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಸಡಿಲಿಸಿತು. ಆಟಗಾರ್ತಿಯರಿಗೆ ಮೀಸಲಾದ ಸ್ಥಾನಕ್ಕೆ 2019ರಲ್ಲಿ ಆಯ್ಕೆಯಾದವರು ಬೆಂಗಳೂರಿನ ಶಾಂತಾ ರಂಗಸ್ವಾಮಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊಸ ನಿಯಮಾವಳಿಯಡಿ ಕೆಎಸ್‌ಸಿಎ ಅಧ್ಯಕ್ಷರಾದ ರೋಜರ್ ಬಿನ್ನಿ 2022ರಲ್ಲಿ ಬಿಸಿಸಿಐ ಅಧ್ಯಕ್ಷರಾದರು. 70 ವರ್ಷ ತುಂಬಿದ ಮೇಲೆ 2025ರಲ್ಲಿ ಆ ಸ್ಥಾನವನ್ನು ತೆರವು ಮಾಡಿದರು.

ಅಂತರರಾಷ್ಟ್ರೀಯ ಹಂತ

ಐಸಿಸಿ 1909ರಲ್ಲಿ ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್ ಎಂಬ ಹೆಸರಿನಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯ ಮತ್ತು ದಕ್ಷಿಣ ಆಫ್ರಿಕಾಗಳಿಂದ ಆರಂಭವಾಯಿತು. ಭಾರತ, ನ್ಯೂಜಿಲೆಂಡ್ ಮತ್ತು ವೆಸ್ಟ್ ಇಂಡೀಸ್ 1926ರಲ್ಲಿ ಪ್ರವೇಶ ಪಡೆದವು. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಗಳಿಗಿದ್ದ ನಿಷೇಧಾಧಿಕಾರ 1993ರವರೆಗೂ ಉಳಿದಿತ್ತು. 1997ರಲ್ಲಿ ಜಗಮೋಹನ್ ದಾಲ್ಮಿಯ ಅಧ್ಯಕ್ಷರಾದರು. 2005ರಲ್ಲಿ ಪ್ರಧಾನ ಕಚೇರಿ ಲಾರ್ಡ್ಸ್‌ನಿಂದ ದುಬೈಗೆ ಸ್ಥಳಾಂತರಗೊಂಡಿತು. ದೂರದರ್ಶನ ಹಕ್ಕುಗಳ ಹಣ ಭಾರತದ ಮಾರುಕಟ್ಟೆಯಿಂದ ಹೆಚ್ಚಾಗಿ ಬರತೊಡಗಿದಂತೆ ಅಧಿಕಾರವೂ ಪೂರ್ವಕ್ಕೆ ಸರಿಯಿತು.

2014ರ ಫೆಬ್ರವರಿಯಲ್ಲಿ ಭಾರತ, ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಗಳು ಆದಾಯ ಮತ್ತು ಆಡಳಿತದಲ್ಲಿ ಹೆಚ್ಚಿನ ಪಾಲು ಪಡೆಯುವ ವ್ಯವಸ್ಥೆಯನ್ನು ಐಸಿಸಿ ಅಂಗೀಕರಿಸಿತು. ಪಾಕಿಸ್ತಾನ ಮತ್ತು ಶ್ರೀಲಂಕಾ ಮತದಾನದಿಂದ ದೂರ ಉಳಿದವು. ‘ಬಿಗ್ ತ್ರೀ’ ಎಂದು ಕರೆಯಲಾದ ಈ ವ್ಯವಸ್ಥೆಯನ್ನು ಶಶಾಂಕ್ ಮನೋಹರ್ ಅಧ್ಯಕ್ಷತೆಯಲ್ಲಿ 2017ರಲ್ಲಿ ಹಿಂತೆಗೆದುಕೊಳ್ಳಲಾಯಿತು. 2016–23ರ ಅವಧಿಗೆ ಬಿಸಿಸಿಐಗೆ 40.5 ಕೋಟಿ ಡಾಲರ್, ಇಂಗ್ಲೆಂಡಿಗೆ 13.9 ಕೋಟಿ ಡಾಲರ್ ಎಂದು ನಿಗದಿಯಾಯಿತು. ಅದೇ ವರ್ಷ ಐರ್ಲೆಂಡ್ ಮತ್ತು ಅಫ್ಘಾನಿಸ್ತಾನಗಳು ಪೂರ್ಣ ಸದಸ್ಯತ್ವ ಪಡೆದವು. ಆದರೆ 2024–27ರ ಅವಧಿಗೆ 2023ರಲ್ಲಿ ರೂಪಿಸಿದ ಹಂಚಿಕೆಯಲ್ಲಿ ಬಿಸಿಸಿಐ ಪಾಲು ಸುಮಾರು ಶೇ. 38.5ಕ್ಕೇರಿತು. ಉಳಿದ ಹನ್ನೊಂದು ಪೂರ್ಣ ಸದಸ್ಯರಿಗೆ ಒಟ್ಟಾಗಿ ಅರ್ಧದಷ್ಟು, ಸಹ ಸದಸ್ಯ ರಾಷ್ಟ್ರಗಳೆಲ್ಲಕ್ಕೂ ಸೇರಿ ಶೇ. 11ರಷ್ಟು ದೊರೆಯುತ್ತದೆ. ಪೂರ್ಣ ಸದಸ್ಯರೆಲ್ಲರ ಮತ ಸಮಾನ; ಪಾಲು ಸಮಾನವಲ್ಲ.

ಈ ಹಣವನ್ನು ತರುವುದೇ ಭಾರತದ ಪ್ರೇಕ್ಷಕರು ಎಂಬುದು ಬಿಸಿಸಿಐ ಸಮರ್ಥನೆಯ ಮುಖ್ಯಾಂಶ. ಆ ಪ್ರೇಕ್ಷಕರಲ್ಲಿ ಬ್ಯಾಡಗಿ, ರಾಣೆಬೆನ್ನೂರುಗಳ ಮನೆಗಳಲ್ಲಿ ಕುಳಿತು ಪಂದ್ಯ ನೋಡುವವರೂ ಇದ್ದಾರೆ. ಪ್ರೇಕ್ಷಕರ ಸಂಖ್ಯೆಯ ಆಧಾರದಲ್ಲಿ ಐಸಿಸಿಯಿಂದ ಪಡೆದ ಹಣ ದೇಶದೊಳಗೆ ಯಾವ ಆಧಾರದಲ್ಲಿ ತಾಲ್ಲೂಕುಗಳಿಗೆ ಇಳಿಯಬೇಕೆಂಬುದಕ್ಕೆ ಮಾತ್ರ ಅಂತಹ ಸೂತ್ರವಿಲ್ಲ. ಬಿಸಿಸಿಐನ ಅನುದಾನ ರಾಜ್ಯ ಸಂಸ್ಥೆಗಳಿಗೆ ಸಲ್ಲುತ್ತದೆ. ಅಲ್ಲಿಂದ ಮುಂದಿನ ಹಂಚಿಕೆ ಆಯಾ ಸಂಸ್ಥೆಯ ವಿವೇಚನೆಗೆ ಬಿಟ್ಟದ್ದು.

ಇತ್ತೀಚಿನ ಬೆಳವಣಿಗೆಗಳು

2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್ ಮತ್ತು 2022ರಿಂದ ನಡೆಯುತ್ತಿರುವ ಮಹಾರಾಜ ಟ್ರೋಫಿಗಳು ಬೆಂಗಳೂರಿನ ಹೊರಗಿನ ಊರುಗಳ ಹೆಸರಿನಲ್ಲಿ ತಂಡಗಳನ್ನು ಕಟ್ಟಿದವು. 2022ರಲ್ಲಿ ಗುಲ್ಬರ್ಗ ಮಿಸ್ಟಿಕ್ಸ್, 2023ರಲ್ಲಿ ಹುಬ್ಬಳ್ಳಿ ಟೈಗರ್ಸ್ ಮಹಾರಾಜ ಟ್ರೋಫಿ ಗೆದ್ದವು. ಆಟಗಾರರು ಬಹುಪಾಲು ಹರಾಜಿನ ಮೂಲಕ ಬರುವುದರಿಂದ ತಂಡದ ಹೆಸರಿಗೂ ಆಟಗಾರರ ಊರಿಗೂ ನಂಟು ಸಡಿಲವಾಗಿದೆ.

2025ರ ಜೂನ್ 4ರಂದು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಉಂಟಾದ ಕಾಲ್ತುಳಿತದಲ್ಲಿ 11 ಮಂದಿ ಮೃತಪಟ್ಟರು. ಕೆಎಸ್‌ಸಿಎ ಕಾರ್ಯದರ್ಶಿ ಮತ್ತು ಖಜಾಂಚಿ ರಾಜೀನಾಮೆ ನೀಡಿದರು. ಆ ವರ್ಷದ ಮಹಿಳಾ ವಿಶ್ವಕಪ್‌ನ ಬೆಂಗಳೂರಿನ ಪಂದ್ಯಗಳು ರಾಜ್ಯದ ಹೊರಗೆ ಹೋದವು. ಮಹಾರಾಜ ಟ್ರೋಫಿ ಮೈಸೂರಿನಲ್ಲಿ ನಡೆಯಿತು. ಒಂದೇ ಕ್ರೀಡಾಂಗಣವನ್ನು ನೆಚ್ಚಿಕೊಂಡ ವ್ಯವಸ್ಥೆಯಲ್ಲಿ ಆ ಬಾಗಿಲು ಮುಚ್ಚಿದಾಗ ವಿಶ್ವಕಪ್ ಪಂದ್ಯಗಳನ್ನು ಉಳಿಸಿಕೊಳ್ಳಬಲ್ಲ ಮತ್ತೊಂದು ಮೈದಾನ ರಾಜ್ಯದೊಳಗೆ ಇರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಅಂಗೀಕರಿಸಿತು. ಡಿಸೆಂಬರ್‌ನಲ್ಲಿ ನಡೆದ ಕೆಎಸ್‌ಸಿಎ ಚುನಾವಣೆಯಲ್ಲಿ ಮಾಜಿ ವೇಗದ ಬೌಲರ್ ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾಗಿ ಆಯ್ಕೆಯಾದರು.