ಮುತ್ತಿನ ತೀರದಲ್ಲಿ ಉಳಿದ ವಿಶ್ವಾಸ



ಡಿಸೆಂಬರ್ 3 ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ. ಅವರ ಹೆಸರು ಕೇಳಿದೊಡನೆ ನಮ್ಮ ಮನಸ್ಸು ಹಳೆ ಗೋವೆಯತ್ತ ಹೋಗುತ್ತದೆ. ಅಲ್ಲಿರುವುದು ಅವರ ಪಾರ್ಥಿವ ಶರೀರ. ಅವರು ಬೆವರು ಸುರಿಸಿದ ನೆಲವನ್ನು ನೋಡಬೇಕಾದರೆ ತಮಿಳುನಾಡಿನ ತೂತ್ತುಕುಡಿಯ ಕಡಲದಂಡೆಗೆ ಹೋಗಬೇಕು. ನಮ್ಮ ಧರ್ಮಕೇಂದ್ರದ ಕೆಲವು ಕುಟುಂಬಗಳೊಡನೆ ನಾವು ಅಲ್ಲಿಗೆ ಯಾತ್ರೆ ಹೋಗಿದ್ದೆವು.

ಬೆಳಗಿನ ಹೊತ್ತು. ಮೀನುಗಾರರು ಮರಳಿನ ಮೇಲೆ ಕುಳಿತು ಬಲೆ ಸರಿಪಡಿಸುತ್ತಿದ್ದರು. ದೋಣಿಗಳ ಮೇಲೆ ಶಿಲುಬೆ, ಸಂತರ ಹೆಸರು. ನಾವು ದೋಣಿ ಎನ್ನುವುದನ್ನು ಅವರು ತೋಣಿ ಎನ್ನುತ್ತಾರೆ. ಕ್ಸೇವಿಯರರ ಪತ್ರಗಳಲ್ಲಿಯೂ ಇದೇ ಪದವಿದೆ.

ಇದು ಮುತ್ತಿನ ತೀರ. ಇಲ್ಲಿನ ಪರವರ್ ಸಮುದಾಯದವರು ತಲೆತಲಾಂತರದಿಂದ ಮುಳುಗುಗಾರರು. ಕಾಲಿಗೆ ಕಲ್ಲಿನ ಭಾರ ಕೊಟ್ಟು, ಉಸಿರು ಬಿಗಿಹಿಡಿದು ಕಡಲ ತಳಕ್ಕಿಳಿದು, ಮುತ್ತಿನ ಚಿಪ್ಪುಗಳನ್ನು ಬುಟ್ಟಿಗೆ ತುಂಬಿಕೊಂಡು ಮೇಲೇಳುತ್ತಿದ್ದರು. ಮುತ್ತು ಧರಿಸಿದವರು ರಾಣಿಯರು, ಪ್ರಾಣ ಪಣಕ್ಕಿಟ್ಟವರು ಇವರು. 1530ರ ದಶಕದಲ್ಲಿ ಮುತ್ತಿನ ಹಕ್ಕಿಗಾಗಿ ಇವರಿಗೂ ಅಲ್ಲಿನ ಮುಸ್ಲಿಂ ವರ್ತಕರಿಗೂ ದೊಡ್ಡ ಕಲಹವಾಯಿತು. ಪರವರ್ ಹಿರಿಯರು ಕೊಚ್ಚಿಗೆ ಹೋಗಿ ಪೋರ್ಚುಗೀಸರ ರಕ್ಷಣೆ ಬೇಡಿದರು, ದೀಕ್ಷಾಸ್ನಾನವನ್ನೂ ಪಡೆದರು. ಅವರ ಹಿಂದೆ ಸುಮಾರು 20,000 ಜನ ಕ್ರೈಸ್ತರಾದರು.

ಇದನ್ನು ಹೇಳುತ್ತಿದ್ದಾಗ ನಮ್ಮೊಡನಿದ್ದ ಯುವಕನೊಬ್ಬ, “ಹಾಗಾದರೆ ಫಾದರ್, ಅದು ರಕ್ಷಣೆಗಾಗಿ ಪಡೆದ ದೀಕ್ಷಾಸ್ನಾನವಲ್ಲವೇ?” ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಹೌದು, ಆರಂಭ ಹಾಗೆಯೇ ಆಯಿತು. ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

1542ರಲ್ಲಿ ಕ್ಸೇವಿಯರ್ ಈ ತೀರಕ್ಕೆ ಬಂದಾಗ, ಕ್ರೈಸ್ತರೆಂಬ ಹೆಸರಿನ ಹೊರತು ಆ ಜನಕ್ಕೆ ಬೇರೇನೂ ತಿಳಿದಿರಲಿಲ್ಲ, ಕಲಿಸುವವರೇ ಇರಲಿಲ್ಲ. ಸಂತರಿಗೆ ತಮಿಳು ಬಾರದು. ತಿಳಿದವರನ್ನು ಕೂರಿಸಿಕೊಂಡು ವಿಶ್ವಾಸ ಸಂಗ್ರಹ, ಪರಲೋಕ ಪ್ರಾರ್ಥನೆ, ದಶಾಜ್ಞೆಗಳನ್ನು ತಮಿಳಿಗೆ ತಂದು ಬಾಯಿಪಾಠ ಮಾಡಿದರು. ಕೈಯಲ್ಲಿ ಗಂಟೆ ಹಿಡಿದು ಬೀದಿಬೀದಿ ಸುತ್ತಿ ಮಕ್ಕಳನ್ನು ಸೇರಿಸಿದರು. ಊರೂರಿಗೆ ಉಪದೇಶಿಗಳನ್ನು ನೇಮಿಸಿದರು. ಈ ತೀರದ ಕಂದಾಯದಲ್ಲಿ ಪೋರ್ಚುಗಲ್ ರಾಣಿಯ ಪಾದರಕ್ಷೆಗೆಂದು ಮೀಸಲಿದ್ದ 4,000 ಪಣವನ್ನು ಆ ಉಪದೇಶಿಗಳ ಸಂಬಳಕ್ಕೆ ಕೇಳಿ ಪಡೆದರು!

1544ರ ಜೂನ್‌ನಲ್ಲಿ ಬಡಗ ಸೈನಿಕರು ದಾಳಿ ಮಾಡಿದಾಗ ಕನ್ಯಾಕುಮಾರಿ ಕಡೆಯ ಜನ ಕಡಲ ಬಂಡೆಗಳಿಗೆ ಓಡಿ, ಹಸಿವು ಬಾಯಾರಿಕೆಗಳಿಂದ ನರಳಿದರು. ಸಂತರು ಮಣಪ್ಪಾಡಿನಿಂದ 20 ತೋಣಿಗಳಲ್ಲಿ ಆಹಾರ ತುಂಬಿಸಿಕೊಂಡು ಹೊರಟರು. ಎಂಟು ದಿನ ಎದುರುಗಾಳಿಯೊಡನೆ ಹೋರಾಡಿಯೂ ತಲುಪಲಾಗಲಿಲ್ಲ. ಕೊನೆಗೆ ಕಾಲ್ನಡಿಗೆಯಲ್ಲಿಯೇ ಹೋದರು. ಈ ಬಡವರನ್ನು ಪೀಡಿಸಿದ ಪೋರ್ಚುಗೀಸ್ ಕಪ್ತಾನನನ್ನೂ ಅವರು ಪತ್ರಗಳಲ್ಲಿ ಖಂಡಿಸದೆ ಬಿಡಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 1658ರಲ್ಲಿ. ಡಚ್ಚರು ತೂತ್ತುಕುಡಿಯನ್ನು ವಶಪಡಿಸಿಕೊಂಡರು. ರಕ್ಷಣೆ ಕೊಟ್ಟ ಪೋರ್ಚುಗೀಸರು ಹೊರಟುಹೋದರು, ಯೇಸುಸಭೆಯ ಗುರುಗಳನ್ನು ಹೊರಗಟ್ಟಲಾಯಿತು. ರಕ್ಷಣೆಯೇ ಕಾರಣವಾಗಿದ್ದರೆ ಈಗ ಹೊಸ ದೊರೆಗಳ ಮತಕ್ಕೆ ಸೇರುವುದೇ ಲಾಭ. ಬಾಲ್ಡೇಯಸ್ ಎಂಬ ಡಚ್ ಬೋಧಕ ಬಂದು ಪ್ರಯತ್ನಿಸಿದ, ಫಲ ಸಿಗಲಿಲ್ಲ. ಮುಳುಗುಗಾರರು ತಮ್ಮ ಜಪ, ತಮ್ಮ ಮಾತೆಯನ್ನು ಬಿಡಲಿಲ್ಲ. ಮುತ್ತು ಬೇಕಾದರೆ ಮುಳುಗುಗಾರರು ಬೇಕೇ ಬೇಕು. ಡಚ್ಚರೂ ಕ್ರಮೇಣ ಸಡಿಲವಾದರು. ಅವರ ಆಳ್ವಿಕೆಯಲ್ಲಿಯೇ, 1713ರಲ್ಲಿ, ಹಿಮಮಾತೆಯ ದೇವಾಲಯ ಎದ್ದು ನಿಂತಿತು. ಅದೇ 1982ರಲ್ಲಿ ಬಸಿಲಿಕವಾದ ‘ಪನಿಮಯ ಮಾತಾ’ ದೇವಾಲಯ. ಪ್ರತಿ ಆಗಸ್ಟ್ 5ರಂದು ಅಲ್ಲಿ ಜನಸಾಗರ.

1923ರಲ್ಲಿ ತೂತ್ತುಕುಡಿ ಧರ್ಮಕ್ಷೇತ್ರವಾದಾಗ ಅದರ ಮೊದಲ ಧರ್ಮಾಧ್ಯಕ್ಷರಾದವರು ಇದೇ ಸಮುದಾಯದ ತಿಬೂರ್ಸಿಯುಸ್ ರೋಚ್. 1961ರ ನಂತರ ಇಲ್ಲಿ ಮುತ್ತಿನ ಸುಗ್ಗಿ ನಡೆದಿಲ್ಲ. ಮುತ್ತು ಮುಗಿಯಿತು, ವಿಶ್ವಾಸ ಮುಗಿಯಲಿಲ್ಲ.

ಪ್ರಿಯರೇ, ನಾವೆಲ್ಲರೂ ದೇವರ ಬಳಿಗೆ ಮೊದಲು ಬರುವುದು ಏನನ್ನಾದರೂ ಬೇಡಲಿಕ್ಕೇ. ಮಗುವಿನ ಜ್ವರ, ಪರೀಕ್ಷೆ, ಕೆಲಸ, ಸಾಲ. ಅದರಲ್ಲಿ ನಾಚಿಕೆಯಿಲ್ಲ. ಬೇಡಿದ್ದು ಕೈತಪ್ಪಿದ ಮೇಲೂ ನಾವು ಅಲ್ಲಿಯೇ ನಿಲ್ಲುತ್ತೇವೆಯೇ ಎಂಬುದೇ ಪ್ರಶ್ನೆ. ಗುರುಗಳಿಲ್ಲದ ಕಾಲದಲ್ಲಿ ಆ ತೀರದ ತಾಯಂದಿರು ಮಕ್ಕಳಿಗೆ ಜಪ ಕಲಿಸಿದರು. ಗುರುಗಳಿರುವ ನಮ್ಮ ಮನೆಗಳಲ್ಲಿ ಸಂಜೆಯ ಜಪಮಾಲೆ ನಡೆಯುತ್ತಿದೆಯೇ?

ಯುವಕ ಮತ್ತೆ ಪ್ರಶ್ನೆ ಕೇಳಲಿಲ್ಲ. ಬಸಿಲಿಕದಲ್ಲಿ ಮೀನುಗಾರರ ನಡುವೆ ಮೊಣಕಾಲೂರಿದ. ನಾವೂ ಊರಿದೆವು.

ಸಂತ ಫ್ರಾನ್ಸಿಸ್ ಕ್ಸೇವಿಯರರೇ, ನಮಗಾಗಿ ಪ್ರಾರ್ಥಿಸಿರಿ.