ಕೊಡಗಿನ ನಾಡರಸರು ಮತ್ತು ಭಾಗಮಂಡಲದ ನಾಯಕರು

ಕನ್ನಡ ನಾಡಿನ ಇತಿಹಾಸವೆಂದರೆ ಕದಂಬ, ಗಂಗ, ಚಾಲುಕ್ಯ, ಹೊಯ್ಸಳಾದಿ ಮಹಾರಾಜವಂಶಗಳ ಇತಿಹಾಸವೆಂಬ ಭಾವನೆ ಸಾಮಾನ್ಯವಾದುದು. ಆದರೆ ಈ ಮಹಾಪ್ರಭುಗಳ ಶಾಸನವು ಕಾಡುಕಣಿವೆಗಳ ಒಳನಾಡಿಗೆ ತಲುಪಿದುದು ಚಿಕ್ಕಪುಟ್ಟ ನಾಡರಸರ ಮೂಲಕವೇ. ಗಿರಿಗಳಿಂದ ಆವೃತವಾದ ಕೊಡಗು ಇದಕ್ಕೆ ಉತ್ತಮ ನಿದರ್ಶನ. ಕಾವೇರಿ ಕನ್ನಿಕೆಯರು ಸಂಗಮಿಸುವ ಭಾಗಮಂಡಲದ ಪೂರ್ವಚರಿತ್ರೆಯನ್ನು ತಿಳಿಯಬೇಕಾದರೆ ಈ ವ್ಯವಸ್ಥೆಯನ್ನು ಮೊದಲು ಅರಿಯುವುದು ಅವಶ್ಯಕ.

ಕೊಡಗಿನ ಪ್ರಾಚೀನ ಶಾಸನಗಳಲ್ಲಿ ಬಿಳಿಯೂರಿನದು ಜೈನರಿಗೆ ವಿಶೇಷ ಮಹತ್ತ್ವದ್ದು. ಕ್ರಿ.ಶ. 888ರ ಸುಮಾರಿನಲ್ಲಿ ಗಂಗ ದೊರೆ ಸತ್ಯವಾಕ್ಯ ರಾಚಮಲ್ಲನು ಪೆಣ್ಣೆಗಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಬಿಳಿಯೂರಿನ ಹಳ್ಳಿಗಳನ್ನು ಶಿವನಂದಿ ಸಿದ್ಧಾಂತ ಭಟಾರರ ಶಿಷ್ಯರಾದ ಸರ್ವನಂದಿ ಭಟಾರರಿಗೆ ದತ್ತಿಯಾಗಿ ಕೊಟ್ಟನು. ದಾನ ನೀಡಿದವನು ದೊರೆಯಾದರೂ ಅದಕ್ಕೆ ಸಾಕ್ಷಿಯಾಗಿ ನಿಂತವರು ಸಾಮಂತರು, ಬೆದ್ದೊರೆಗರೆಯ ಎಪ್ಪತ್ತು ಮಂದಿ ಮತ್ತು ಎಂಟು ಒಕ್ಕಲು. ಸಿಂಹಾಸನವು ತಲಕಾಡಿನಲ್ಲಿದ್ದರೂ ಧರ್ಮದ ಹೊಣೆಯು ನಾಡಿನವರದೇ ಆಗಿತ್ತೆಂಬುದು ಇದರಿಂದ ವೇದ್ಯವಾಗುತ್ತದೆ.

ಗಂಗರ ಪತನಾನಂತರ ಚೋಳರು ಈ ಪ್ರದೇಶದಲ್ಲಿ ಕಾಲಿಟ್ಟರು. ಸುಮಾರು ಕ್ರಿ.ಶ. 1004ರಲ್ಲಿ ಪನಸೋಗೆಯ ಯುದ್ಧದಲ್ಲಿ ಪರಾಕ್ರಮ ಮೆರೆದ ಮನಿಜನೆಂಬ ವೀರನಿಗೆ ರಾಜರಾಜ ಚೋಳನು 'ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ'ನೆಂಬ ಬಿರುದನ್ನೂ ಮಾಳಂಬಿಯನ್ನೂ ಅನುಗ್ರಹಿಸಿದನು. ಹೀಗೆ ಉದಿಸಿದ ಕೊಂಗಾಳ್ವ ವಂಶವು ಜಿನಭಕ್ತವಾಗಿತ್ತು. ರಾಜೇಂದ್ರ ಕೊಂಗಾಳ್ವನು ತನ್ನ ತಂದೆ ಕಟ್ಟಿಸಿದ ಮುಳ್ಳೂರಿನ ಬಸದಿಗೆ 1058ರಲ್ಲಿ ಭೂದಾನ ಮಾಡಿದನು. ಆತನ ತಾಯಿ ಪೋಚಬ್ಬರಸಿಯ ಗುರುಗಳಾದ ಗುಣಸೇನ ಪಂಡಿತರು 1064ರಲ್ಲಿ ಮುಳ್ಳೂರಿನಲ್ಲಿ ದೇಹತ್ಯಾಗ ಮಾಡಿದರು. ನೆರೆಯ ಚೆಂಗಾಳ್ವರೂ ಮೊದಲಲ್ಲಿ ಜೈನರೇ; ಅನಂತರ ಅವರು ಶೈವಮತವನ್ನು ಅವಲಂಬಿಸಿದರು.

ಈ ಅರಸರ ಬಲವು ಎಷ್ಟರಮಟ್ಟಿಗೆ ನಾಡಿನವರನ್ನು ಅವಲಂಬಿಸಿತ್ತೆಂಬುದಕ್ಕೆ 1174ರ ಘಟನೆಯೊಂದು ಸಾಕ್ಷಿ. ಹೊಯ್ಸಳ ದಂಡನಾಯಕ ಬೆಟ್ಟರಸನು ಪಾಲ್ಪರೆಯಲ್ಲಿ ಚೆಂಗಾಳ್ವ ಪೆಮ್ಮವೀರಪ್ಪನನ್ನು ಎದುರಿಸಿದಾಗ, ಬಡಗಂಡ ನಂದಿದೇವ, ಕುರಚೆಯ ಉದಯಾದಿತ್ಯದೇವ ಮೊದಲಾದ ನಾಯಕರೂ ಎಲ್ಲ ನಾಡುಗಳ ಕೊಡಗರೂ ಚೆಂಗಾಳ್ವನ ಪಕ್ಷದಲ್ಲಿ ಕಾದಿದರು.

ಇನ್ನು ಭಾಗಮಂಡಲಕ್ಕೆ ಬರೋಣ. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದ್ದೆಂದು ವಿದ್ವಾಂಸರು ನಿರ್ಣಯಿಸಿರುವ ಇಲ್ಲಿನ ಶಾಸನದಲ್ಲಿ ಮೇಲ್ಪುಂಡಿ ಕುನ್ನಿಯರಸನ ಹೆಸರೂ ಬೋಧರೂಪ ಭಗವರರಸರ ಹೆಸರೂ ಬಂದಿವೆ. ಗ್ರಂಥಾಕ್ಷರದ ಛಾಯೆಯುಳ್ಳ ಇದರ ಮಿಶ್ರಭಾಷೆಯು ಘಟ್ಟದ ಕೆಳಗಿನ ಸೀಮೆಯೊಡನೆ ಈ ಕ್ಷೇತ್ರಕ್ಕಿದ್ದ ನಿಕಟ ಸಂಬಂಧವನ್ನು ಸೂಚಿಸುತ್ತದೆ. ವಿಜಯನಗರದ ಪ್ರಭಾವ ಕುಗ್ಗಿದ ಮೇಲೆ ಕೊಡಗು ನಾಯಕರ ನಾಡಾಯಿತು. ಭಾಗಮಂಡಲದಲ್ಲಿ ಕರ್ಣಂಬಾಹು, ಅಂಜಿಕೇರಿ ನಾಡಿನಲ್ಲಿ ಅಚ್ಚುನಾಯಕ ಮೊದಲಾದವರು ಆಳಿದರೆಂದು ಪರಂಪರೆ ಹೇಳುತ್ತದೆ. ಕೊಡಗನ್ನು ಅದರ ಸ್ವಂತ ಅರಸರೇ ಆಳುತ್ತಿದ್ದರೆಂಬ ಫರಿಸ್ತನ ಮಾತೂ ಇದಕ್ಕೆ ಪೋಷಕವಾಗಿದೆ.

ನಾಯಕನ ಅಧಿಕಾರವು ನಿರಂಕುಶವಾಗಿರಲಿಲ್ಲ. ಒಕ್ಕಕ್ಕೆ ಪಟ್ಟೆದಾರ, ಊರಿಗೆ ಊರುತಕ್ಕ, ನಾಡಿಗೆ ನಾಡುತಕ್ಕ, ಅವರ ಮೇಲೆ ದೇಶತಕ್ಕರು. ಹನ್ನೆರಡು ಕೊಂಬು, ಮೂವತ್ತೈದು ನಾಡುಗಳೆಂಬ ವಿಭಾಗ. ಹಿರಿಯರು ಮಂದಿನಲ್ಲಿ ಕೂಡಿ ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದರು. ಆದರೆ ನಾಯಕರೊಳಗಣ ವೈರವೇ ಅವರಿಗೆ ಮುಳುವಾಯಿತು. ಇಕ್ಕೇರಿ ಮನೆತನದ ಸಂಬಂಧಿಯೊಬ್ಬನು ಜಂಗಮವೇಷದಿಂದ ಹಾಲೇರಿಯಲ್ಲಿ ನೆಲೆಸಿ, ಜನರ ಗೌರವಕ್ಕೆ ಪಾತ್ರನಾಗಿ, ಕ್ರಮೇಣ ಅರಸನಾದನೆಂದು ಐತಿಹ್ಯ. ಒಬ್ಬೊಬ್ಬರಾಗಿ ನಾಯಕರು ಅಳಿದರು. 1681ರಲ್ಲಿ ಮುದ್ದುರಾಜನು ಮಡಿಕೇರಿಯನ್ನು ರಾಜಧಾನಿಯಾಗಿ ಮಾಡಿದನು. ಮುಂದೆ ಟಿಪ್ಪುವಿನ ವಶದಲ್ಲಿದ್ದ ಭಾಗಮಂಡಲದ ಕೋಟೆಯನ್ನು 1790ರಲ್ಲಿ ದೊಡ್ಡ ವೀರರಾಜೇಂದ್ರನು ಮರಳಿ ಪಡೆದನು. 1834ರಲ್ಲಿ ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಆಂಗ್ಲರು ಕೊಡಗನ್ನು ವಶಪಡಿಸಿಕೊಂಡರು. ನಾಯಕರೂ ಹೋದರು, ಅವರನ್ನು ಅಳಿಸಿದ ಅರಸರೂ ಹೋದರು; ಒಕ್ಕ ಮತ್ತು ತಕ್ಕಸ್ಥಾನಗಳು ಮಾತ್ರ ಇಂದಿಗೂ ಉಳಿದಿವೆ.

ಈ ಚರಿತ್ರೆಯಲ್ಲಿ ಶ್ರಾವಕ ಸಮಾಜಕ್ಕೆ ಒಂದು ಪಾಠವಿದೆ. ಕೊಂಗಾಳ್ವರ ಆಶ್ರಯದಲ್ಲಿ ಬೆಳಗಿದ ಜಿನಧರ್ಮವು ಆ ವಂಶ ಅಸ್ತಮಿಸಿದೊಡನೆ ಕೊಡಗಿನಲ್ಲಿ ತನ್ನ ಆಸರೆಯನ್ನು ಕಳೆದುಕೊಂಡಿತು. ಮುಳ್ಳೂರಿನಲ್ಲಿ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಬಸದಿಗಳು ಇಂದಿಗೂ ನಿಂತಿವೆ; ಅವುಗಳನ್ನು ಪೋಷಿಸಿದ ಅರಸುಮನೆತನವಿಲ್ಲ. ರಾಜಾಶ್ರಯವು ಬಸದಿಯನ್ನು ಕಟ್ಟಿಸಬಲ್ಲುದು; ಅದನ್ನು ಉಳಿಸುವುದು ಒಕ್ಕಲಿನ ನಿಷ್ಠೆ. ಬಿಳಿಯೂರಿನ ದಾನಕ್ಕೆ ದೊರೆಯೊಡನೆ ಎಂಟು ಒಕ್ಕಲೂ ಸಾಕ್ಷಿಯಾದುದರ ಅರ್ಥ ಇದೇ. ಪ್ರತಿಷ್ಠಾ ಮಹೋತ್ಸವದ ಈ ಶುಭಾವಸರದಲ್ಲಿ ನೆರೆದ ಪ್ರತಿಯೊಂದು ಮನೆತನವೂ ಅಂಥ ಸಾಕ್ಷಿಯೇ. ನಿತ್ಯಪೂಜೆ, ಸ್ವಾಧ್ಯಾಯ, ಜೀರ್ಣೋದ್ಧಾರಗಳ ಭಾರವು ಆ ಮನೆತನಗಳ ಮೇಲಿದೆ.