ಏಕಾದಶಿ ತಾಟಿನಲ್ಲಿ ಅಮೆರಿಕ

ಆಷಾಢ ಏಕಾದಶಿ ಬಂತೆಂದರೆ ನಮ್ಮ ಬೆಳಗಾವಿ ಕಡೆ ಮನೆಗಳಲ್ಲಿ ಏನೇನು ಮಾಡ್ತಾರೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಸಾಬೂದಾಣಿ ಖಿಚಡಿ. ಅದರೊಳಗೆ ಹುರಿದು ಕುಟ್ಟಿದ ಶೇಂಗಾ, ಹಸಿ ಮೆಣಸಿನಕಾಯಿ, ಬಟಾಟಿ ಹೋಳು. ಬದಿಗೆ ಕುದಿಸಿದ ಗೆಣಸು, ಜೊತೆಗೆ ಹಾಲು. ಹುಡುಗರಿಗೆ ರಾಜಗಿರಿ ಲಾಡು. ಇನ್ನೂ ಹಸಿವೆ ಇದ್ದರೆ ವರಿ ಅನ್ನ, ಶೇಂಗಾ ಆಮಟಿ. 'ಏಕಾದಶಿ, ದುಪ್ಪಟ್ ಖಾಶಿ' (ಏಕಾದಶಿ ದಿನ ಎರಡು ಪಟ್ಟು ತಿಂತಿ) ಅಂತ ಮರಾಠಿಯಲ್ಲಿ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ :)

ಈ ಪಟ್ಟಿಯಲ್ಲಿ ಹಾಲು, ತುಪ್ಪ, ಬೆಲ್ಲ, ಜೀರಿಗೆ, ವರಿ ಇಷ್ಟನ್ನು ತೆಗೆದು ಬದಿಗಿಡಿ. ಉಳಿದದ್ದೆಲ್ಲ ಅಮೆರಿಕ ಖಂಡದ ಬೆಳೆಗಳು! ಗೆಣಸು, ಬಟಾಟಿ, ಮೆಣಸಿನಕಾಯಿ, ಶೇಂಗಾ, ಸಾಬೂದಾಣಿ ಮಾಡುವ ಮರಗೆಣಸು, ರಾಜಗಿರಿ, ಎಲ್ಲವೂ. 1492ರಲ್ಲಿ ಕೊಲಂಬಸ್ ಅಟ್ಲಾಂಟಿಕ್ ದಾಟಿದ ಮೇಲೆಯೇ ಈ ಬೆಳೆಗಳಲ್ಲಿ ಹೆಚ್ಚಿನವು ಹಳೆಯ ಜಗತ್ತಿಗೆ ಬಂದದ್ದು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ, 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ. ಆಗ ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದು ಒಂದು ವರ್ಷವಾಗಿತ್ತು. ಅಂದರೆ ಬಸವಣ್ಣನವರ ಕಲ್ಯಾಣದಲ್ಲಿ ಯಾರೂ ಮೆಣಸಿನಕಾಯಿ ಚಟ್ನಿ ತಿಂದಿರಲಿಲ್ಲ. ಖಾರ ಬೇಕಾದರೆ ಮೆಣಸಿನಕಾಳು, ಶುಂಠಿ, ಹಿಪ್ಪಲಿ.

ಮೆಣಸಿನಕಾಯಿ ಹೊರಗಿನಿಂದ ಬಂತು ಅನ್ನೋದು ಈಗ ಬಹಳ ಜನಕ್ಕೆ ಗೊತ್ತಿರುವ ವಿಷಯವೇ. ನನಗೆ ಸೋಜಿಗ ಅನ್ನಿಸಿದ್ದು ಬೇರೆ. ದಿನದ ಊಟದಲ್ಲಿ ಹೊಸದು ಸೇರಿದರೆ ಸೇರಲಿ, ಬಾಯಿ ರುಚಿ. ಆದರೆ ಮಡಿ, ವ್ರತ, ಉಪವಾಸ ಅಂತ ಇರುವ ಕಡೆಯೇ ಹೊಸ ಬೆಳೆಗಳು ಇಷ್ಟು ಗಟ್ಟಿಯಾಗಿ ಕೂತದ್ದು ಹೇಗೆ? ಸಾವಿರಾರು ವರ್ಷದಿಂದ ಇಲ್ಲೇ ಬೆಳೆದ ಅಕ್ಕಿ, ಜೋಳ, ಗೋಧಿ ಅವತ್ತು ಮುಟ್ಟಬಾರದು, ಪೋರ್ಚುಗೀಸರ ಹಡಗಿನಿಂದ ಇಳಿದದ್ದು ಮಾತ್ರ ನಡೆಯುತ್ತದೆ!

ಇದನ್ನ ನಮ್ಮ ಅಜ್ಜಿಗೆ ಹೇಳಿದ್ದೆ. "ಅಜ್ಜಿ, ಈ ತಾಟಿನ್ಯಾಗ ಇರೋದು ಭಾಳಷ್ಟು ಪರದೇಶದ್ದು ನೋಡು" ಅಂದೆ. "ಹಂಗಾರ ನಿನಗ ಇವತ್ತ ಖಿಚಡಿ ಬ್ಯಾಡೇನು?" ಅಂದಳು. ಅಲ್ಲಿಗೆ ಆ ಚರ್ಚೆ ಮುಗಿಯಿತು. ಆದರೆ ಆಮೇಲೆ ಅವಳೇ ಒಂದು ಮಾತು ಹೇಳಿದಳು: "ಉಪವಾಸಕ್ಕ ಧಾನ್ಯ ಬ್ಯಾಡ ಅಂತ ಐತಿ, ಗಡ್ಡಿ ಗೆಣಸು ಬ್ಯಾಡ ಅಂತ ಯಾರ ಹೇಳ್ಯಾರ?"

ಉತ್ತರದ ಮೊದಲ ತುದಿ ಇಲ್ಲೇ ಇದೆ. ಏಕಾದಶಿಯ ನಿಯಮ ಬೆಳೆಗಳ ಹೆಸರು ಹಿಡಿದು ಇಂಥದ್ದೇ ತಿನ್ನಿ ಅನ್ನೋದಿಲ್ಲ. ಧಾನ್ಯ ಬಿಡಿ ಅನ್ನುತ್ತದೆ. ಕಂದ, ಮೂಲ, ಫಲ, ಹಾಲು ನಡೆಯುತ್ತದೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಅದು ಬ್ಲಾಕ್‌ಲಿಸ್ಟ್, ವೈಟ್‌ಲಿಸ್ಟ್ ಅಲ್ಲ. ನಿಷೇಧದ ಪಟ್ಟಿಯಲ್ಲಿ ಇಲ್ಲದ ಹೊಸದೇನು ಬಂದರೂ ಒಳಗೆ ಬಿಡುತ್ತದೆ. ನೆಲದೊಳಗೆ ಬೆಳೆಯುವ ಯಾವ ಗಡ್ಡೆ ಬಂದರೂ ಅದು 'ಕಂದಮೂಲ'ದ ಖಾತೆಗೆ ಜಮಾ.

ಆ ಖಾತೆಗೆ ಜಮಾ ಆದವುಗಳಲ್ಲಿ ಎಲ್ಲಕ್ಕಿಂತ ಮಜಾ ಇರೋದು ಗೆಣಸಿನ ಕಥೆ. ನಮ್ಮ ಮಚ್ಛೆ ಸುತ್ತಮುತ್ತ, ಖಾನಾಪುರ ರಸ್ತೆಯ ಎರಡೂ ಬದಿ ಕೆಂಪು ಮಣ್ಣಿನಲ್ಲಿ ಗೆಣಸು ಬೆಳೆಯೋದು ನೋಡಿಯೇ ಬೆಳೆದವರು ನಾವು. ಮಳೆಗಾಲದಲ್ಲಿ ಬಳ್ಳಿಯ ತುಂಡು ಕತ್ತರಿಸಿ ಏರಿನ ಮೇಲೆ ನೆಡುತ್ತಾರೆ, ಮಳೆ ಮುಗಿದ ಮೇಲೆ ಅಗೆಯುತ್ತಾರೆ. ರಾಜ್ಯದಲ್ಲಿ ಗೆಣಸು ಹೆಚ್ಚಾಗಿ ಬೆಳೆಯುವ ಜಿಲ್ಲೆಗಳಲ್ಲಿ ನಮ್ಮದು ಮುಂದಿದೆ. ಬೆಳಗಾವಿ ಎಪಿಎಂಸಿಯಿಂದ ಉತ್ತರ ಭಾರತದವರೆಗೂ ಲಾರಿ ಹೋಗುತ್ತದೆ. ಅಲ್ಲಿಯೂ ನವರಾತ್ರಿ, ಶಿವರಾತ್ರಿ ಉಪವಾಸಕ್ಕೆ ಶಕ್ಕರ್‌ಕಂದ್ ಬೇಕಲ್ಲ! ಮಚ್ಛೆ ರೈತನ ಕಿಸೆಗೆ ದುಡ್ಡು ಬರುವುದರಲ್ಲಿ ಪಂಚಾಂಗದ ಕೈಯೂ ಇದೆ.

ಈಗ ಹೆಸರುಗಳ ಗೊಂದಲ ನೋಡಿ. ನಾವು ಆಲೂಗಡ್ಡೆಗೆ ಬಟಾಟಿ ಅಂತೀವಿ. ಮರಾಠಿ, ಕೊಂಕಣಿಯಲ್ಲೂ ಹೆಚ್ಚುಕಡಿಮೆ ಅದೇ. ಇದು ಪೋರ್ಚುಗೀಸರ 'ಬಟಾಟ'. ಅವರಿಗೂ ಅದು ಸ್ವಂತ ಮಾತಲ್ಲ, ಕೆರಿಬಿಯನ್ ದ್ವೀಪಗಳ ತೈನೊ ಜನರಿಂದ ಬಂದದ್ದು. ತೈನೊ ಜನರ ಬಾಯಲ್ಲಿ ಬಟಾಟ ಅಂದರೆ ಆಲೂಗಡ್ಡೆ ಅಲ್ಲವೇ ಅಲ್ಲ, ಸಿಹಿಗೆಣಸು! ಆಲೂಗಡ್ಡೆ ಬೆಳೆಯುತ್ತಿದ್ದದ್ದು ದೂರದ ಆಂಡೀಸ್ ಬೆಟ್ಟಗಳಲ್ಲಿ, ಅಲ್ಲಿ ಅದರ ಹೆಸರು 'ಪಾಪಾ'. ಯುರೋಪಿಗೆ ಮೊದಲು ತಲುಪಿದ್ದು ಗೆಣಸು. ಹಿಂದಿನಿಂದ ಬಂದ ಆಲೂಗಡ್ಡೆ ಅದರ ಹೆಸರನ್ನೇ ಎತ್ತಿಕೊಂಡಿತು. 1597ರಲ್ಲಿ ಇಂಗ್ಲೆಂಡಿನ ಜಾನ್ ಜೆರಾರ್ಡ್ ಬರೆದ ಗಿಡಮೂಲಿಕೆ ಪುಸ್ತಕದಲ್ಲಿ 'ಪೊಟಾಟೊ' ಅಂದರೆ ಗೆಣಸೇ. ಆಲೂಗಡ್ಡೆಗೆ 'ವರ್ಜೀನಿಯಾದ ಪೊಟಾಟೊ' ಅಂತ ಬಾಲ ಹಚ್ಚಿದ್ದಾನೆ.

ಇದರಿಂದ ಇತಿಹಾಸಕಾರರಿಗೂ ತಲೆನೋವು. 1610ರ ದಶಕದಲ್ಲಿ ಜಹಾಂಗೀರನ ದರ್ಬಾರಿಗೆ ಬಂದ ಇಂಗ್ಲಿಷ್ ರಾಯಭಾರಿ ಥಾಮಸ್ ರೋಗೆ ಆಸಫ್ ಖಾನ್ ಔತಣ ಕೊಟ್ಟ. ಜೊತೆಗಿದ್ದ ಪಾದ್ರಿ ಎಡ್ವರ್ಡ್ ಟೆರಿ, ಊಟದಲ್ಲಿ ಪೊಟಾಟೊ ಇತ್ತು ಅಂತ ಬರೆದಿದ್ದಾನೆ. ಭಾರತದಲ್ಲಿ ಆಲೂಗಡ್ಡೆಯ ಮೊದಲ ಉಲ್ಲೇಖ ಅಂತ ಇದನ್ನ ಬಹಳ ಕಡೆ ಉದಾಹರಿಸುತ್ತಾರೆ. ಆ ಕಾಲದ ಪೊಟಾಟೊ ಯಾವುದು ಅಂತ ಗೊತ್ತಾದ ಮೇಲೆ ನನ್ನ ಓಟು ಗೆಣಸಿಗೆ.

ಸರಿ, ಗೆಣಸು ತನ್ನ ಹೆಸರನ್ನ ಬಟಾಟಿಗೆ ಬಿಟ್ಟುಕೊಟ್ಟಿತು. ಬದಲಿಗೆ ತಾನು ಇನ್ನೊಬ್ಬರ ಹೆಸರು ಎತ್ತಿಕೊಂಡಿತು. ಕನ್ನಡದ 'ಗೆಣಸು' ನೆಲದೊಳಗಿನ ಗಡ್ಡೆಗಳಿಗೆಲ್ಲ ಇದ್ದ ಮಾತು. ಹೆಗ್ಗೆಣಸು, ಮುಳ್ಳುಗೆಣಸು ಇವೆಲ್ಲ ಇಲ್ಲಿಯ ಹಳೆಯ ಬಳ್ಳಿ ಗಡ್ಡೆಗಳು, ಸಿಹಿಗೆಣಸಿಗೆ ಸಂಬಂಧವೇ ಇಲ್ಲದ ಬೇರೆ ಕುಟುಂಬ. ಖಾನಾಪುರದ ಕಾಡು ದಾಟಿ ಜೋಯಿಡಾಕ್ಕೆ ಹೋದರೆ ಕುಣಬಿ ಜನ ಇವತ್ತಿಗೂ ಇಂಥ ಗಡ್ಡೆಗಳನ್ನ ತರಾವರಿ ಬೆಳೆಸುತ್ತಾರೆ. ಅಲ್ಲಿ ಗೆಡ್ಡೆ ಗೆಣಸು ಮೇಳವೇ ನಡೆಯುತ್ತದೆ. ಆದರೆ ಪೇಟೆಯಲ್ಲಿ ಬರೀ 'ಗೆಣಸು' ಅಂದರೆ ಈಗ ಸಿಹಿಗೆಣಸು ಮಾತ್ರ. ಮರಾಠಿಯವರ 'ರತಾಳೆ'ಯದ್ದೂ ಅದೇ ಕಥೆ. ಸಂಸ್ಕೃತದ ರಕ್ತಾಲು, ಅಂದರೆ ಕೆಂಪು ಗಡ್ಡೆ, ಅದರ ಮೂಲ. ಗುಜರಾತಿನಲ್ಲಿ ಇವತ್ತಿಗೂ ರತಾಳು ಅಂದರೆ ನೇರಳೆ ಬಣ್ಣದ ಹೆಗ್ಗೆಣಸು, ಸಿಹಿಗೆಣಸಿಗೆ ಅಲ್ಲಿ ಶಕ್ಕರಿಯಾ ಅನ್ನುತ್ತಾರೆ. ನಮ್ಮ ಘಟ್ಟದ ಬದಿ ಮಾತ್ರ ಹೊಸಬ ಹಳಬನ ಹೆಸರಿನಲ್ಲಿ ಮನೆ ಮಾಡಿಕೊಂಡ. ನಮ್ಮವರನ್ನ ನಗಬೇಡಿ, ಸ್ವತಃ ಕೊಲಂಬಸ್ ಕೂಡ ಕೆರಿಬಿಯನ್ ಗೆಣಸು ನೋಡಿ ಆಫ್ರಿಕಾದ ಹೆಗ್ಗೆಣಸಿನ ಹೆಸರಿಂದಲೇ ಕರೆದಿದ್ದ. ಅಮೆರಿಕನ್ನರು ಇವತ್ತಿಗೂ ಸಿಹಿಗೆಣಸಿಗೆ 'ಯಾಮ್' ಅನ್ನುತ್ತಾರೆ.

ಹೆಸರಿನಲ್ಲಿ ಏನಿದೆ ಅಂತೀರಾ? ಶ್ರಾದ್ಧದ ಅಡುಗೆ ನೋಡಿ, ಆಗ ಗೊತ್ತಾಗುತ್ತದೆ.

ಉಪವಾಸದ ನಿಯಮಕ್ಕಿಂತ ಶ್ರಾದ್ಧದ ನಿಯಮ ಬಿಗಿ. ಇಲ್ಲಿ ನಡೆಯೋದು ವೈಟ್‌ಲಿಸ್ಟ್. ಹಿರಿಯರಿಗೆ ಹಿರಿಯರು ತಿಂದದ್ದೇ ಬಡಿಸಬೇಕು. ಮಾಧ್ವ, ಸ್ಮಾರ್ತ ಮನೆಗಳಲ್ಲಿ ಅವತ್ತು ಮೆಣಸಿನಕಾಯಿ ಇಲ್ಲ, ಮೆಣಸಿನಕಾಳು. ಬಟಾಟಿ ಇಲ್ಲ, ಟೊಮ್ಯಾಟೊ ಇಲ್ಲ, ಕೋಸು ಇಲ್ಲ. ಬಾಳೆಕಾಯಿ, ಹಾಗಲಕಾಯಿ, ಉದ್ದಿನ ವಡೆ, ಎಳ್ಳು, ಬೆಲ್ಲ. ಬೇಕೆಂದೇ ಮಾಡಿದ್ದಲ್ಲದಿದ್ದರೂ ವಿಜಯನಗರಕ್ಕೂ ಹಿಂದಿನ ಅಡುಗೆಯ ಬ್ಯಾಕಪ್ ಅಲ್ಲಿ ಉಳಿದುಕೊಂಡಿದೆ. ಅಮೆರಿಕ ಇಲ್ಲದ ಊಟ ಹೇಗಿತ್ತು ಅಂತ ರುಚಿ ನೋಡಬೇಕಿದ್ದರೆ ಮ್ಯೂಸಿಯಂ ಬೇಡ, ಒಂದು ತಿಥಿ ಊಟ ಸಾಕು.

ಅಂಥ ಬಿಗಿ ಅಡುಗೆಮನೆಯಲ್ಲೂ ಕೆಲವು ಕಡೆ ಗೆಣಸು ನಡೆಯುತ್ತದೆ! ತಮಿಳು ಬ್ರಾಹ್ಮಣರ ಮನೆಗಳಲ್ಲಂತೂ ಇದು ಸಾಮಾನ್ಯ. ಬಟಾಟಿಯನ್ನ ಹೊರಗೆ ನಿಲ್ಲಿಸಿದ ಬಾಗಿಲು ಗೆಣಸಿಗೆ ತೆರೆದದ್ದು ಯಾಕೆ? ನನ್ನ ಅಂದಾಜು ಹೀಗೆ. ಒಂದು ಊರಿಗೆ ಬೇಗ ಬಂತು, ಒಂದು ತಡವಾಗಿ ಬಂತು (ಆಲೂಗಡ್ಡೆ ನಮ್ಮಲ್ಲಿ ಹಬ್ಬಿದ್ದು ಇಂಗ್ಲಿಷರ ಕಾಲದಲ್ಲಿ). ಅದರ ಜೊತೆಗೆ ಹೆಸರು. ಕೇಳಿದ ಕೂಡಲೇ ಪರದೇಶಿ ಅಂತ ಗೊತ್ತಾಗುವ ಬಟಾಟಿ ಒಂದು ಕಡೆ, ಹಳೆಯ ಹೆಸರಿಟ್ಟುಕೊಂಡ ಗೆಣಸು ಇನ್ನೊಂದು ಕಡೆ. ಎರಡು ತಲೆಮಾರು ಕಳೆದ ಮೇಲೆ ಅದು ಹಳೆಯ ಗೆಣಸೇ ಅಲ್ಲ ಅಂತ ಯಾರಿಗೆ ನೆನಪಿರುತ್ತದೆ?

ಹಾಗಾದರೆ ಮೆಣಸಿನಕಾಯಿಯೂ ಮೆಣಸಿನ ಹೆಸರನ್ನೇ ಎತ್ತಿಕೊಂಡಿತಲ್ಲ, ಅದನ್ನ ಯಾಕೆ ಬಿಡಲಿಲ್ಲ ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ. ಹೆಸರೊಂದೇ ಸಾಲದು ಅನ್ನೋದಕ್ಕೆ ಅದೇ ಸಾಕ್ಷಿ. ಕಾಳುಮೆಣಸು ಎಲ್ಲಿಯೂ ಹೋಗಿರಲಿಲ್ಲ, ಪಕ್ಕದ ಡಬ್ಬಿಯಲ್ಲೇ ಕೂತಿತ್ತು. ಮೂಲ ಕಣ್ಣ ಮುಂದೆ ಇದ್ದಾಗ ಅದರ ಹೆಸರಿಟ್ಟುಕೊಂಡವನನ್ನ ಹಿಡಿಯೋದು ಸುಲಭ. ಹೆಗ್ಗೆಣಸು ಮಾತ್ರ ಬಯಲುಸೀಮೆಯ ಅಡುಗೆಮನೆಗಳಿಂದ ಮೆಲ್ಲಗೆ ಸರಿದು ಹೋಗಿತ್ತು.

ಉಳಿದವುಗಳ ಬಗ್ಗೆ ಎರಡೆರಡು ಮಾತು. ಸಾಬೂದಾಣಿ ನಮ್ಮ ತಾಟಿನ ಅತೀ ಹೊಸ ಸದಸ್ಯ. ಮೊದಲು ಅದು ಆಗ್ನೇಯ ಏಷ್ಯಾದ ಸಾಗು ಮರದ ತಿರುಳಿನಿಂದ ಆಗುತ್ತಿತ್ತು, ಮಲಯ-ಸಿಂಗಪುರ ಕಡೆಯಿಂದ ಬರುತ್ತಿತ್ತು. ಬ್ರೆಜಿಲ್ ಮೂಲದ ಮರಗೆಣಸನ್ನ ತಿರುವಾಂಕೂರಿನ ರಾಜ ವಿಶಾಖಂ ತಿರುನಾಳ್ 1880ರ ದಶಕದಲ್ಲಿ ಬಡವರ ಹಸಿವಿಗೆಂದು ಪ್ರಚಾರಕ್ಕೆ ತಂದ. ಎರಡನೇ ಮಹಾಯುದ್ಧದಲ್ಲಿ ಮಲಯದ ಸಾಗು ನಿಂತಾಗ ಸೇಲಂನಲ್ಲಿ ಮರಗೆಣಸಿನ ಪಿಷ್ಟದಿಂದ ಸಾಬೂದಾಣಿ ಮಾಡಲು ಶುರು ಮಾಡಿದರು. ಅಂದರೆ ಸೇಲಂ ಸಾಬೂದಾಣಿಯ ವಯಸ್ಸು ನಮ್ಮ ಅಜ್ಜಿಯ ವಯಸ್ಸಿನಷ್ಟೇ!

ರಾಜಗಿರಿಯದ್ದು ಇನ್ನೂ ವಿಚಿತ್ರ. ಮೆಕ್ಸಿಕೋದ ಅಜ್ಟೆಕ್ ಜನ ಅದರ ಹಿಟ್ಟು ಕಲಸಿ ತಮ್ಮ ದೇವರ ಮೂರ್ತಿ ಮಾಡಿ, ಪೂಜೆ ಆದಮೇಲೆ ಮುರಿದು ಪ್ರಸಾದದ ಹಾಗೆ ತಿನ್ನುತ್ತಿದ್ದರು. 16ನೇ ಶತಮಾನದ ಸ್ಪ್ಯಾನಿಷ್ ಪಾದ್ರಿ ಸಹಗುನ್ ಇದನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾನೆ. ತಮ್ಮ ಕ್ರೈಸ್ತ ಪ್ರಸಾದವನ್ನೇ ಅಣಕಿಸಿದ ಹಾಗೆ ಕಂಡು ಸ್ಪೇನಿನವರು ಆ ಪೂಜೆಯನ್ನ ಹತ್ತಿಕ್ಕಿದರು, ಬೆಳೆಯೂ ಅಲ್ಲಿ ಮೂಲೆಗೆ ಬಿತ್ತು. ಅದೇ ಕಾಳು ಇಲ್ಲಿ ಬೆಲ್ಲದ ಪಾಕದಲ್ಲಿ ಉಂಡೆಯಾಗಿ ವಿಠ್ಠಲನ ಉಪವಾಸಕ್ಕೆ ಬಂದಿದೆ. ಮತ್ತೆ ದೇವರ ಹತ್ತಿರವೇ.

ಗೆಣಸಿಗೆ ವಾಪಸ್ ಬರೋಣ, ವಿಜ್ಞಾನದ ಒಂದು ಸಂಗತಿ ಹೇಳದೆ ಬಿಡಲು ಮನಸ್ಸಿಲ್ಲ. 2015ರಲ್ಲಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯ ಮತ್ತು ಪೆರುವಿನ ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ವಿಜ್ಞಾನಿಗಳು 291 ಗೆಣಸಿನ ಮಾದರಿಗಳನ್ನ ಪರೀಕ್ಷೆ ಮಾಡಿದರು. ಎಲ್ಲದರೊಳಗೂ ಆಗ್ರೋಬ್ಯಾಕ್ಟೀರಿಯಂ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾದ ಜೀನುಗಳು ಸಿಕ್ಕವು. ಪ್ರಯೋಗಾಲಯದಲ್ಲಿ ಕುಲಾಂತರಿ ಬೆಳೆ ಮಾಡಲು ಬಳಸುವುದೂ ಇದೇ ಬ್ಯಾಕ್ಟೀರಿಯಾವನ್ನೇ. ಸಾವಿರಾರು ವರ್ಷಗಳ ಹಿಂದೆ ನಿಸರ್ಗವೇ ಆ ಕೆಲಸ ಮಾಡಿ ಮುಗಿಸಿದೆ. ಹಾಗಾಗಿ ಅಗದಿ ಮಡಿಯಲ್ಲಿ ಉಪವಾಸ ಮಾಡುವವರೂ ತಿನ್ನುತ್ತಿರುವುದು ಕುಲಾಂತರಿ ಬೆಳೆ! ಇದರಿಂದ ಮನುಷ್ಯ ಮಾಡಿದ ಕುಲಾಂತರಿಗಳೆಲ್ಲ ಒಳ್ಳೆಯವು ಅಂತ ಸಾಬೀತಾಗುವುದಿಲ್ಲ, ಆ ವಾದ ಬೇರೆ. 'ಶುದ್ಧ ದೇಸಿ, ನೈಸರ್ಗಿಕ' ಅಂತ ಗಟ್ಟಿಯಾಗಿ ಕೂಗುವವರ ಮುಂದೆ ಒಂದು ಗೆಣಸು ಇಟ್ಟು ಸುಮ್ಮನೆ ಕೂರಬಹುದು, ಅಷ್ಟೇ.

ಇನ್ನು ತಿನ್ನುವ ವಿಷಯ. ಗೆಣಸಿನಲ್ಲಿ ಪಿಷ್ಟವನ್ನ ಒಡೆದು ಮಾಲ್ಟೋಸ್ ಸಕ್ಕರೆ ಮಾಡುವ ಅಮೈಲೇಸ್ ಕಿಣ್ವ ಇದೆ. ಅದು ಜೋರಾಗಿ ಕೆಲಸ ಮಾಡೋದು ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಒಳಗೆ, ಅದಕ್ಕಿಂತ ಬಹಳ ಬಿಸಿಯಾದರೆ ಸತ್ತು ಹೋಗುತ್ತದೆ. ಮೈಕ್ರೋವೇವಿನಲ್ಲಿ ಐದು ನಿಮಿಷಕ್ಕೆ ಬೇಯಿಸಿದರೆ ಕಿಣ್ವಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಒಲೆಯ ಬಿಸಿ ಬೂದಿಯೊಳಗೆ ಹುಗಿದಿಟ್ಟರೆ ಮೆಲ್ಲಗೆ ಕಾಯುತ್ತ ಆ ಶಾಖದಲ್ಲೇ ಬಹಳ ಹೊತ್ತು ಇರುತ್ತದೆ. ಹೊಲದಲ್ಲಿ ಬೆಂಕಿ ಹಾಕಿ ಸುಟ್ಟ ಗೆಣಸಿನ ರುಚಿ ಕುಕ್ಕರಿಗೆ ಬರೋದಿಲ್ಲ ಅಂತ ಹಿರಿಯರು ಹೇಳೋದು ಬರೀ ಹಳೆಯ ನೆನಪಿನ ಮಾತಲ್ಲ, ರಸಾಯನಶಾಸ್ತ್ರ. ಅಗೆದು ಕೆಲವು ವಾರ ಇಟ್ಟದ್ದು ಇನ್ನೂ ಸಿಹಿ.

ಮುಂದಿನ ಸಲ ಮನೆಯಲ್ಲಿ ತಿಥಿ ಬಂದಾಗ ಅಡುಗೆಯವರನ್ನ ಒಂದು ಮಾತು ಕೇಳಿ ನೋಡಿ, ಗೆಣಸು ನಡೆಯುತ್ತದೆಯೋ ಇಲ್ಲವೋ, ಯಾವ ಗೆಣಸು ಅಂತ. ನಾನು ಕೇಳಿದಲ್ಲೆಲ್ಲ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ ಸಿಕ್ಕಿದೆ. ಖಾನಾಪುರ ಕಡೆಯ ಒಬ್ಬ ಅಡುಗೆ ಭಟ್ಟರಂತೂ "ಗೆಣಸು ನಡೀತದ್ರಿ, ಆದ್ರ ರತಾಳಿ ನಡೆಯೂದಿಲ್ಲ" ಅಂದುಬಿಟ್ಟರು!